ಕೆಳಗಡೆ ಅಂಗಡೀಲಿ ಕೊಟ್ಬಿಡಿ

ನಮ್ಮ ಬೀದಿಯ ಪ್ರಾವಿಷನ್ ಸ್ಟೋರಿನಲ್ಲಿ ಅಕ್ಕಿ ಮೂಟೆಗಳ ಮೇಲೆ ಈಗ ಯಾವಾಗ ನೋಡಿದರೂ ಒಂದಷ್ಟು ರಟ್ಟಿನ ಡಬ್ಬಗಳು ಕೂತಿರುತ್ತವೆ. ಮೊದಲು ಆ ಜಾಗದಲ್ಲಿ ಬೆಕ್ಕು ಮಲಗುತ್ತಿತ್ತು. ಪ್ರತಿ ಡಬ್ಬದ ಮೇಲೂ ಅಂಗಡಿ ಅಣ್ಣ ಸ್ಕೆಚ್ ಪೆನ್ನಿನಲ್ಲಿ ಏನಾದರೂ ಬರೆದಿರುತ್ತಾರೆ. 'ಟೀಚರ್', 'ನಾಯಿ ಮನೆ', 'ಹಸಿರು ಗೇಟ್', '3ನೇ ಫ್ಲೋರ್'. ಲೇಬಲ್ ಮೇಲೆ ನಮ್ಮ ಹೆಸರು, ವಿಳಾಸ ಎಲ್ಲಾ ಪ್ರಿಂಟ್ ಆಗಿಯೇ ಇರುತ್ತದೆ. ಅದನ್ನು ಓದುವ ಗೋಜಿಗೆ ಅವರು ಹೋಗುವುದಿಲ್ಲ. ಡೆಲಿವರಿ ಹುಡುಗ ಹೆಸರು ಹೇಳಿದರೆ, "ಓ, ನಾಯಿ ಮನೆಯವರದ್ದಾ" ಅಂತ ಬರೆದು ಮೇಲಿಡುತ್ತಾರೆ.

ನಾನು '3ನೇ ಫ್ಲೋರ್'.

ಆಫೀಸಿನಲ್ಲಿರುವಾಗ ಫೋನ್ ಬರುತ್ತದೆ. "ಸಾರ್, ಪಾರ್ಸೆಲ್ ಇದೆ, ಮನೇಲಿದೀರಾ?" ನಾನು ಯೋಚನೆಯನ್ನೇ ಮಾಡದೆ ಹೇಳುತ್ತೇನೆ, "ಕೆಳಗಡೆ ಅಂಗಡೀಲಿ ಕೊಟ್ಬಿಡಿ." ನಮ್ಮ ಬಿಲ್ಡಿಂಗಿನ ಎಂಟೂ ಮನೆಯವರು ಹೀಗೇ ಹೇಳುವುದು. ಅಂಗಡಿ ಅಣ್ಣನನ್ನು ಯಾರೂ ಒಂದು ಮಾತು ಕೇಳಿದವರಲ್ಲ. ಯಾವಾಗ ಶುರುವಾಯಿತು ಅಂತಲೂ ನೆನಪಿಲ್ಲ. ಅಮೆಜಾನ್‌ನವರು 2015ರಲ್ಲಿ 'ಐ ಹ್ಯಾವ್ ಸ್ಪೇಸ್' ಅಂತ ಒಂದು ಯೋಜನೆ ತಂದಿದ್ದರು. ಬೀದಿ ಅಂಗಡಿಯವರು ಸುತ್ತಮುತ್ತಲಿನ ಮನೆಗಳಿಗೆ ಪಾರ್ಸೆಲ್ ಮುಟ್ಟಿಸಿದರೆ ಒಂದೊಂದಕ್ಕೆ ಇಷ್ಟು ಅಂತ ದುಡ್ಡು. ನಮ್ಮ ಅಣ್ಣನದು ಆ ಲೆಕ್ಕವಲ್ಲ. ಇದು ಸುಮ್ನೆ, ಬಿಟ್ಟಿ.

ಒಂದೇ ಒಂದು ಷರತ್ತಿದೆ. ಬೆಳಗ್ಗೆ ಬೋಣಿ ಆಗುವ ಮುಂಚೆ ಪಾರ್ಸೆಲ್ ತಂದರೆ ಮುಖ ಸಣ್ಣ ಮಾಡುತ್ತಾರೆ. ಈ ಏರಿಯಾಗೆ ಖಾಯಂ ಬರುವ ಹುಡುಗನಿಗೆ ಇದು ಗೊತ್ತು. ಬೇಗ ಬಂದ ದಿನ ಅವನು ಮೊದಲು ಒಂದು ಕಡಲೆ ಮಿಠಾಯಿ ಕೊಂಡು, ದುಡ್ಡು ಕೊಟ್ಟು, ಆಮೇಲೆ ಡಬ್ಬಗಳನ್ನು ಇಳಿಸುತ್ತಾನೆ.

ಹೋದ ತಿಂಗಳು ನನ್ನದೊಂದು ಡಬ್ಬದ ಮೂಲೆ ಹರಿದಿತ್ತು. ತೆಗೆದುಕೊಳ್ಳಲು ಹೋದಾಗ ನೋಡುತ್ತೇನೆ, ಒಳಗಿನ ತೊಗರಿಬೇಳೆ ಪ್ಯಾಕೆಟ್ ಅರ್ಧ ಹೊರಗೆ ಇಣುಕುತ್ತಿದೆ. ಅದೇ ಬ್ರಾಂಡಿನ ಅದೇ ಬೇಳೆ ಅಣ್ಣನ ಬೆನ್ನ ಹಿಂದಿನ ರ‍್ಯಾಕಿನಲ್ಲಿ ಸಾಲಾಗಿ ನಿಂತಿತ್ತು. ಅವರು ಡಬ್ಬ ಎತ್ತಿಕೊಟ್ಟು ಅಂದರು, "ಬೇಳೆ ಇದ್ದಂಗಿತ್ತು ಸಾರ್. ನೆಲ ಒರೆಸ್ತಾ ಇದ್ವಿ, ನೀರು ತಾಗಿದ್ರೆ ಹಾಳಾಗುತ್ತೆ ಅಂತ ಮೇಲಿಟ್ಟಿದ್ದೆ."

ಕೊಂಕು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಕೆಜಿಗೆ 18 ರೂಪಾಯಿಯಂತೆ 2 ಕೆಜಿಗೆ 36 ರೂಪಾಯಿ ಉಳಿಸಿದ್ದೆ. ಡೆಲಿವರಿ ಚಾರ್ಜ್ ತಪ್ಪಿಸಲು ಬಿಲ್ ಇನ್ನೂ ಸ್ವಲ್ಪ ಏರಬೇಕು ಅಂತ ಆ್ಯಪ್ ಹೇಳಿದ್ದರಿಂದ 99 ರೂಪಾಯಿಯ ತರಕಾರಿ ಸಿಪ್ಪೆ ತೆಗೆಯುವ ಪೀಲರ್ ಕೂಡ ಸೇರಿಸಿದ್ದೆ. ನಮ್ಮ ಮನೆಯಲ್ಲಿ ಆಗಲೇ ಎರಡು ಪೀಲರ್ ಇದ್ದವು.

ಇದೆಲ್ಲ ಶುರುವಾಗಿದ್ದು ನಮ್ಮ ಊರಲ್ಲೇ ಅಲ್ವಾ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿದಾಗ ಮಾರುತ್ತಿದ್ದದ್ದು ಬರೀ ಪುಸ್ತಕ. ಆಗ ಹೆದರಬೇಕಾದವರು ಪುಸ್ತಕದಂಗಡಿಯವರು ಮಾತ್ರ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2010ರಲ್ಲಿ ಅವರು ಕ್ಯಾಶ್ ಆನ್ ಡೆಲಿವರಿ ತಂದರು. ಆಟ ಬದಲಾಗಿದ್ದು ಆಗಲೇ ಅಂತ ನನಗೆ ಅನಿಸುತ್ತದೆ. ಕಾರ್ಡ್ ಇಲ್ಲದವರು, ಕಾರ್ಡ್ ಇದ್ದೂ ನಂಬರ್ ಹಾಕಲು ಹೆದರುವವರು ಎಲ್ಲರೂ ಒಳಗೆ ಬಂದರು. ನನ್ನ ಅಪ್ಪ ಕೂಡ. ಅಪ್ಪನಿಗೆ ಹುಡುಗ ಬಾಗಿಲಿಗೆ ಬಂದು ವಸ್ತು ಕೊಟ್ಟ ಮೇಲೆ ದುಡ್ಡು ಎಣಿಸಿಕೊಡುವುದು ಸರಿ ಅನಿಸಿತು. ಅದು ಅಂಗಡಿಯ ಹಾಗೇ ಇತ್ತು. 2013ರಲ್ಲಿ ಅಮೆಜಾನ್ ಬಂತು. 2014ರ ಅಕ್ಟೋಬರ್ 6ಕ್ಕೆ ಫ್ಲಿಪ್‌ಕಾರ್ಟಿನ ಮೊದಲ ಬಿಗ್ ಬಿಲಿಯನ್ ಡೇ, ಭಾರೀ ಡಿಸ್ಕೌಂಟ್ ಮಾರಾಟ. ಆಮೇಲೆ ದಸರಾ-ದೀಪಾವಳಿ ಅಂದರೆ ಚಿಕ್ಕಪೇಟೆ ಅನ್ನುತ್ತಿದ್ದವರೆಲ್ಲ ಫೋನ್ ಹಿಡಿದು ಮಧ್ಯರಾತ್ರಿವರೆಗೆ ಎದ್ದಿರುವುದು ರೂಢಿಯಾಯಿತು.

ಆ ಡಿಸ್ಕೌಂಟ್ ಎಲ್ಲಿಂದ ಬರುತ್ತಿತ್ತು? ಬಹಳಷ್ಟು ಹೂಡಿಕೆದಾರರ ದುಡ್ಡು. ವರ್ಷಗಟ್ಟಲೆ ನಷ್ಟದಲ್ಲೇ ಮಾರಿದರೂ ತಡೆದುಕೊಳ್ಳುವ ಶಕ್ತಿ ಅವರಿಗಿತ್ತು. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟಿನ 77 ಪರ್ಸೆಂಟ್ ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡುಕೊಂಡಿತು. ನಮ್ಮ ಅಣ್ಣ ಆ ಸುದ್ದಿಯನ್ನು ಕೈಯಲ್ಲಿ ಹಿಡಿದ ಪೇಪರಿನಲ್ಲೇ ನನಗೆ ತೋರಿಸಿ ಹೇಳಿದ ಮಾತು ನೆನಪಿದೆ. "ಅವರು ಲಾಸ್ ಮಾಡ್ಕೊಂಡ್ರೆ ಪೇಪರ್‌ನಲ್ಲಿ ಬರುತ್ತೆ ಸಾರ್. ನಾನು ಲಾಸ್ ಮಾಡ್ಕೊಂಡ್ರೆ ಮನೆಯವಳ ಬಳೆ ಬ್ಯಾಂಕಿಗೆ ಹೋಗುತ್ತೆ."

ಕಾನೂನೂ ಇದೆ. ವಿದೇಶಿ ಬಂಡವಾಳ ಇರುವ ಇ-ಕಾಮರ್ಸ್ ಕಂಪನಿ ಸಾಮಾನ್ಯವಾಗಿ ಸ್ವಂತ ಮಾಲು ಇಟ್ಟುಕೊಂಡು ಜನರಿಗೆ ಮಾರುವ ಹಾಗಿಲ್ಲ. ಸಂತೆ ಮೈದಾನ ಒದಗಿಸಬಹುದು, ಅಂಗಡಿ ಹಾಕುವವರು ಬೇರೆಯವರಾಗಿರಬೇಕು. 2016ರಿಂದ ಈ ನಿಯಮ ಸ್ಪಷ್ಟವಾಗಿದೆ, 2019ರ ಫೆಬ್ರವರಿ 1ರಿಂದ ಇನ್ನಷ್ಟು ಬಿಗಿಯಾಯಿತು. ದೊಡ್ಡವರ ಜಗಳದಲ್ಲಿ ಇದು ಮುಖ್ಯವಾದ ವಿಷಯವೇ ಇರಬಹುದು. ಬೇಳೆ ಮಾರುವವರಿಗೆ ಇದರಿಂದ ಏನು ಬದಲಾಯಿತು ಅಂತ ನನಗೆ ಕಾಣಲಿಲ್ಲ.

ನನ್ನ ಚಿಕ್ಕಪ್ಪನ ಮಗನದು ತಿಪಟೂರಿನಲ್ಲಿ ಮೊಬೈಲ್ ಅಂಗಡಿ. 2014 ಅವನಿಗೆ ಚೆನ್ನಾಗಿ ನೆನಪಿದೆ. ಫೆಬ್ರವರಿಯಲ್ಲಿ ಮೋಟೋ ಜಿ ಬಂತು, ಜುಲೈನಲ್ಲಿ ಶಿಯೋಮಿಯ ಎಂಐ 3 ಬಂತು. ಎರಡೂ ಆನ್‌ಲೈನ್‌ನಲ್ಲಿ ಮಾತ್ರ. ಗಿರಾಕಿ ಅಂಗಡಿಗೆ ಬಂದು ಹೆಸರು ಹೇಳಿ ಕೇಳುತ್ತಾನೆ, ಇವನು ಇಲ್ಲ ಅನ್ನಬೇಕು. "ರೇಟ್ ಜಾಸ್ತಿ ಅಂತ ಬಿಟ್ಟು ಹೋದ್ರೆ ಚೌಕಾಸಿ ಮಾಡಬಹುದು ಕಣಣ್ಣ. ಮಾಲೇ ಇಲ್ಲ ಅಂದ್ರೆ ಏನ್ ಮಾಡ್ಲಿ?" ಬೆಲೆಯಲ್ಲಿ ಸೋಲುವುದು ಎಲ್ಲ ವ್ಯಾಪಾರಿಗೂ ಗೊತ್ತು. ಆಟಕ್ಕೇ ಸೇರಿಸಿಕೊಳ್ಳದಿದ್ದರೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು ಅನ್ನುತ್ತಾನೆ.

ಅವನ ಅಂಗಡಿ ಮುಚ್ಚಲಿಲ್ಲ. ಗಾಜಿನ ಶೋಕೇಸಿನಲ್ಲಿ ಫೋನುಗಳಿದ್ದ ಜಾಗಕ್ಕೆ ಈಗ ಕವರ್, ಚಾರ್ಜರ್, ಇಯರ್‌ಫೋನ್ ಬಂದಿವೆ. ಟೆಂಪರ್ಡ್ ಗ್ಲಾಸ್ ಹಾಕುವುದರಲ್ಲಿ ಅವನ ಕೈ ಪಳಗಿದೆ. ಒಂದೇ ಒಂದು ಗುಳ್ಳೆ ಏಳುವುದಿಲ್ಲ. ಹೋದ ಸಲ ಊರಿಗೆ ಹೋದಾಗ ಅರ್ಧ ದಿನ ಅಲ್ಲೇ ಕೂತಿದ್ದೆ. ರಿಟೈರ್ ಆದ ಮೇಷ್ಟ್ರೊಬ್ಬರು ಬಂದರು. ಬೆಂಗಳೂರಿನಿಂದ ಮಗ ಆರ್ಡರ್ ಮಾಡಿ ಕಳಿಸಿದ ಹೊಸ ಫೋನು, ಡಬ್ಬವನ್ನೂ ಒಡೆದಿರಲಿಲ್ಲ. ಇವನು ಸಿಮ್ ಹಾಕಿದ. ಹಳೆ ಫೋನಿನ ನಂಬರುಗಳನ್ನು ಹೊಸದಕ್ಕೆ ತಂದ. ಅಕ್ಷರ ದೊಡ್ಡದು ಮಾಡಿದ. ವಾಟ್ಸಾಪ್ ಹಾಕಿ, ತೀರಿಕೊಂಡ ಹೆಂಡತಿಯ ಫೋಟೋ ಹಳೆಯದರಲ್ಲಿ ಎಲ್ಲಿದೆ ಅಂತ ಹುಡುಕಿ ಹೊಸದರ ಪರದೆಗೆ ತಂದಿಟ್ಟ. ಮುಕ್ಕಾಲು ಗಂಟೆ ಹಿಡಿಯಿತು. ಮೇಷ್ಟ್ರು "ಎಷ್ಟಪ್ಪಾ?" ಅಂದರು. ಇವನು, "ಗ್ಲಾಸ್‌ದು ನೂರು ಕೊಡಿ ಸಾರ್" ಅಂದ. ಅವರು ಹೋದ ಮೇಲೆ ನಾನು ಬಾಯಿ ತೆರೆಯುವ ಮುಂಚೆಯೇ, "ನಂಗೆ ಏಳನೇ ಕ್ಲಾಸಲ್ಲಿ ಗಣಿತ ಹೇಳ್ಕೊಟ್ಟವರು. ಹೆಂಗ್ ಕೇಳ್ಲಿ?" ಅಂದ.

ದುಡ್ಡಿನ ಕೆಲಸ ಆ ಕಡೆ ಹೋಯಿತು. ದಾಕ್ಷಿಣ್ಯದ ಕೆಲಸ ಈ ಕಡೆ ಉಳಿಯಿತು. ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಇಷ್ಟೇ. ಆನ್‌ಲೈನ್ ಬಂದು ಅಂಗಡಿಗಳು ಮುಚ್ಚಿದವು ಅಂತ ಸುಲಭವಾಗಿ ಬರೆದುಬಿಡಬಹುದು, ಮುಚ್ಚಿದವೂ ಇವೆ. ಆದರೆ ನನ್ನ ಕಣ್ಣ ಮುಂದಿರುವ ಅಂಗಡಿಗಳು ತೆರೆದೇ ಇವೆ. ಅವುಗಳಿಂದ ನಾವು ಲಾಭದ ಭಾಗವನ್ನು ಮಾತ್ರ ಬಿಡಿಸಿಕೊಂಡು ಹೋಗಿದ್ದೇವೆ. ಕೀ ಇಟ್ಟುಕೊಳ್ಳಿ, ಚಿಲ್ಲರೆ ಕೊಡಿ, ಪ್ಲಂಬರ್ ನಂಬರ್ ಇದೆಯಾ, ಸ್ಕೂಲ್ ವ್ಯಾನ್ ಬಂತಾ, ಪಾರ್ಸೆಲ್ ಇಟ್ಕೊಳ್ಳಿ, ಇದೆಲ್ಲ ಹಾಗೇ ಉಳಿದಿದೆ.

ನಾನೇ ಮಾಡಿದ ಒಂದು ಕೆಲಸ ಹೇಳಿಬಿಡುತ್ತೇನೆ. ಐದಾರು ವರ್ಷದ ಹಿಂದೆ ಜಯನಗರದ ಒಂದು ಚಪ್ಪಲಿ ಅಂಗಡಿಗೆ ಹೋಗಿದ್ದೆ. ಸೇಲ್ಸಿನ ಹಿರಿಯರೊಬ್ಬರು ನನ್ನ ಕಾಲ ಹತ್ತಿರ ಮೊಣಕಾಲೂರಿ ಕೂತು ಅಳತೆ ತೆಗೆದರು. "ನಿಮ್ಮ ಪಾದ ಅಗಲ ಇದೆ ಸಾರ್. ಎಂಟು ತಗೊಂಡ್ರೆ ಕಿರುಬೆರಳು ಒತ್ತುತ್ತೆ, ಒಂಬತ್ತು ಹಾಕಿ" ಅಂದರು. ಇಷ್ಟು ವರ್ಷ ನನಗಿದು ಯಾರೂ ಹೇಳಿರಲಿಲ್ಲ. ನಾಲ್ಕು ಜೊತೆ ಹಾಕಿಸಿ, ನಡೆದು ತೋರಿಸಿ ಅಂತ ನಡೆಸಿ, ಒಂದನ್ನು ಇದೇ ಸರಿ ಅಂತ ಆರಿಸಿದರು. ನಾನು ಮಾಡೆಲ್ ನಂಬರಿನ ಫೋಟೋ ತೆಗೆದುಕೊಂಡು, "ಮನೇಲಿ ಕೇಳಿ ಬರ್ತೀನಿ" ಅಂದೆ. ಅವರು ಹೂಂ ಅಂದರು. ಆ ಹೂಂನಲ್ಲಿ ಎಲ್ಲ ಗೊತ್ತಿತ್ತು. ಹೊರಗೆ ಎಳನೀರಿನ ಗಾಡಿ ಹತ್ತಿರ ನಿಂತು ಆರ್ಡರ್ ಹಾಕಿದೆ, 600 ರೂಪಾಯಿ ಕಡಿಮೆಗೆ.

ಶೂ ಚೆನ್ನಾಗಿಯೇ ಬಂತು. ಸರಿಯಾಗಿ ಒಂಬತ್ತು. ಈಗಲೂ ಹಾಕುತ್ತೇನೆ, ಕಿರುಬೆರಳು ಒತ್ತುವುದಿಲ್ಲ.

ಹಾಗಂತ ಅಂಗಡಿಯವರನ್ನೆಲ್ಲ ದೇವರು ಮಾಡಿ ಕೂರಿಸಲು ನನಗೆ ಇಷ್ಟವಿಲ್ಲ. ನಾವು ಚಿಕ್ಕವರಿದ್ದಾಗ ಪ್ರತಿ ಬಟ್ಟೆ ಅಂಗಡಿಯಲ್ಲೂ 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಅಂತ ಬೋರ್ಡ್ ಇರುತ್ತಿತ್ತು. ಒಂದು ಸಲ ಒಗೆದ ಕೂಡಲೆ ಬಣ್ಣ ಬಿಟ್ಟ ಅಂಗಿಯನ್ನು ಅಮ್ಮ ವಾಪಸ್ ತೆಗೆದುಕೊಂಡು ಹೋಗಿ, ಆ ಬೋರ್ಡಿನ ಕೆಳಗೆ ನಿಂತು ಬೈಸಿಕೊಂಡು ಬಂದದ್ದು ನೆನಪಿದೆ. ಚಿಲ್ಲರೆ ಬದಲು ಚಾಕಲೇಟ್ ಕೊಡುವುದು, ತಂಪು ಪಾನೀಯಕ್ಕೆ ಎಂಆರ್‌ಪಿ ಮೇಲೆ ಎರಡು ರೂಪಾಯಿ 'ಕೂಲಿಂಗ್' ಹಾಕುವುದು ಕೂಡ ಗೊತ್ತಿರುವುದೇ. ನನ್ನ ತಂಗಿಗಂತೂ ಈ ವಿಷಯದಲ್ಲಿ ಎರಡು ಮಾತಿಲ್ಲ. ಒಳಉಡುಪು ಕೊಳ್ಳಲು ಗಂಡಸರಿರುವ ಕೌಂಟರಿಗೆ ಹೋಗಿ ದನಿ ತಗ್ಗಿಸಿ ಸೈಜ್ ಹೇಳಿ, ಅವರು ಅದನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿಕೊಡುವ ಆ ಕಾಲ ಮತ್ತೆ ಬೇಡ ಅನ್ನುತ್ತಾಳೆ. ಇಪ್ಪತ್ತು ಸೀರೆ ಬಿಚ್ಚಿಸಿ ಬರಿಗೈಲಿ ಎದ್ದರೆ ಅಂಗಡಿಯವರ ಮುಖ ಹೇಗಾಗುತ್ತಿತ್ತು ಅಂತ ನಿಮಗೂ ಗೊತ್ತು. ಆ್ಯಪಿನಲ್ಲಿ ಸಾವಿರ ಸೀರೆ ನೋಡಿ ಮಲಗಬಹುದು. ಯಾರ ಮುಖವೂ ಸಪ್ಪಗಾಗುವುದಿಲ್ಲ.

ಇನ್ನೊಂದು ಬೋರ್ಡ್ ಇರುತ್ತಿತ್ತು, 'ಇಂದು ನಗದು, ನಾಳೆ ಉದ್ರಿ'. ನಮ್ಮ ಅಣ್ಣನ ಅಂಗಡಿಯಲ್ಲಿ ಅದು ಈಗಲೂ ಇದೆ, ಊದುಬತ್ತಿ ಹೊಗೆ ಹಿಡಿದು ಅರ್ಧ ಅಳಿಸಿದೆ. ಅದರ ಕೆಳಗೇ ಕೆಂಪು ಬಟ್ಟೆಯ ರಟ್ಟಿನ ಉದ್ದನೆ ಉದ್ರಿ ಪುಸ್ತಕವೂ ಇದೆ. ಬೋರ್ಡನ್ನು ಅವರೇ ನಂಬುವುದಿಲ್ಲ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತಲ್ಲ, ಆ ವಾರ ನನ್ನ ಫೋನಿನಲ್ಲಿ ಮೂರು ದಿನಸಿ ಆ್ಯಪ್ ಇದ್ದವು. ಮೂರರಲ್ಲೂ ಸ್ಲಾಟ್ ಇಲ್ಲ. ಬೆಳಗಿನ ಜಾವ ಅಲಾರಂ ಇಟ್ಟುಕೊಂಡು ಎದ್ದು ನೋಡಿದರೂ ಇಲ್ಲ. ಕೆಳಗೆ ಅಣ್ಣ ಸೀಮೆಸುಣ್ಣದಲ್ಲಿ ರಸ್ತೆ ಮೇಲೆ ವೃತ್ತ ಬರೆದಿದ್ದರು. ಮನೆಗೆ ಒಂದೇ ಕೆಜಿ ಸಕ್ಕರೆ, ಐದು ಕೆಜಿ ಅಕ್ಕಿ. ನಾನು ಇನ್ನೊಂದು ಕೆಜಿ ಸಕ್ಕರೆ ಕೇಳಿದಾಗ, "ನಿಮ್ ಹಿಂದೆ ಹನ್ನೊಂದು ಜನ ಇದಾರೆ ಸಾರ್" ಅಂದರು. ನಾಚಿಕೆಯಾಯಿತು. ಯಶವಂತಪುರದ ಎಪಿಎಂಸಿಯಿಂದ ಮಾಲು ತರಲು ಪಾಸ್ ಹಿಡಿದುಕೊಂಡು ಅಳಿಯನ ಗೂಡ್ಸ್ ಆಟೋದಲ್ಲಿ ಹೋಗಿ ಬರುತ್ತಿದ್ದರು. ಮನೆಕೆಲಸದವರು, ಗಾರೆ ಕೆಲಸದವರು, ಇಸ್ತ್ರಿ ಅಂಗಡಿಯವರು, ಇವರೆಲ್ಲ ಆ ಎರಡು ತಿಂಗಳು ಉಂಡದ್ದು ಆ ಕೆಂಪು ಪುಸ್ತಕದಿಂದ. ಕೆಲವರು ಊರಿಗೆ ಹೋದವರು ತಿರುಗಿ ಬರಲೇ ಇಲ್ಲ. ಅವರ ಲೆಕ್ಕದ ಹಾಳೆ ಇನ್ನೂ ಹಾಗೇ ಇದೆ. ಹರಿದು ಹಾಕಿ ಅಂದರೆ, "ಇರಲಿ ಬಿಡಿ, ಬಂದಾಗ ನೋಡೋಣ" ಅನ್ನುತ್ತಾರೆ. ಆ್ಯಪ್‌ಗಳೂ ಈಗ ಸಾಲ ಕೊಡುತ್ತವೆ, ಹಿಂದಿನ ಸಾಲ ಹೇಗೆ ತೀರಿಸಿದೆವು ಅಂತ ಹೇಳುವ ಸಿಬಿಲ್ ಸ್ಕೋರ್ ನೋಡಿ. ಇವರು ಮುಖ ನೋಡಿ ಕೊಟ್ಟದ್ದು.

ಆವಾಗ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿಯುವ ಇಮೋಜಿ ಹಾಕಿದ್ದೇ ಹಾಕಿದ್ದು. ಇನ್ನು ಮೇಲೆ ಏನೇ ಇದ್ದರೂ ಅಣ್ಣನ ಅಂಗಡಿಯಲ್ಲೇ ಅಂತ ನಾನೂ ಬರೆದಿದ್ದೆ.

ಎರಡು ವರ್ಷ ಕಳೆಯುವುದರೊಳಗೆ ಹತ್ತು ನಿಮಿಷದ ಡೆಲಿವರಿ ಬಂತು. ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೋ ಎಲ್ಲವೂ. ಫೋನು, ಬಟ್ಟೆ, ಪುಸ್ತಕ ಆನ್‌ಲೈನಿಗೆ ಹೋದಾಗ ದಿನಸಿ ಅಂಗಡಿಗೆ ದೊಡ್ಡ ಪೆಟ್ಟೇನೂ ಬಿದ್ದಿರಲಿಲ್ಲ. 2011ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಬಿಗ್‌ಬಾಸ್ಕೆಟ್ ತಿಂಗಳ ಸಾಮಾನಿನ ಒಂದು ಭಾಗ ಕಿತ್ತುಕೊಂಡಿತ್ತು, ನಿಜ. ಆದರೂ ಒಗ್ಗರಣೆಗೆ ಇಟ್ಟ ಮೇಲೆ ಸಾಸಿವೆ ಇಲ್ಲ ಅಂತ ಗೊತ್ತಾದರೆ ಓಡಬೇಕಾದದ್ದು ಕೆಳಗಡೆ ಅಂಗಡಿಗೇ. ಮರೆತ ಸಾಮಾನೇ ಅಣ್ಣನ ಆಸ್ತಿ. ಕೊತ್ತಂಬರಿ ಸೊಪ್ಪು, ಮೊಸರು, ರಿಮೋಟಿನ ಸೆಲ್ಲು, ನೆಂಟರು ಬಂದಾಗ ಬಿಸ್ಕತ್ತು. ಹತ್ತು ನಿಮಿಷದವರು ಕೈ ಹಾಕಿದ್ದು ನೇರ ಅದಕ್ಕೇ.

ನಮ್ಮ ಹಿಂದಿನ ರಸ್ತೆಯಲ್ಲಿ ಮೊದಲು ಫರ್ನಿಚರ್ ಅಂಗಡಿಯಿದ್ದ ಜಾಗ ಈಗ ಡಾರ್ಕ್ ಸ್ಟೋರ್. ಗಾಜಿಗೆಲ್ಲ ಒಳಗಿಂದ ಹಾಳೆ ಅಂಟಿಸಿದ್ದಾರೆ. ಒಳಗೆ ಸಾಲು ಸಾಲು ರ‍್ಯಾಕು, ಟ್ಯೂಬ್‌ಲೈಟು, ಚೀಲ ಹಿಡಿದು ಓಡಾಡುವ ಹುಡುಗ ಹುಡುಗಿಯರು. ಅಂಗಡಿಯೇ, ಆದರೆ ಗಿರಾಕಿ ಒಳಗೆ ಹೋಗುವ ಹಾಗಿಲ್ಲ. ಹೊರಗೆ ಮೂವತ್ತು ನಲವತ್ತು ಬೈಕು. ಬಿಸಿಲಿಗೆ ನಿಂತ ಹುಡುಗರು ಆರ್ಡರ್ ಬರುವವರೆಗೆ ಎಲ್ಲಿಗೆ ಹೋಗಬೇಕು? ನಮ್ಮ ಅಣ್ಣನ ಅಂಗಡಿಗೆ. ಅಣ್ಣ ಈಗ ಬನ್ನು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಹತ್ತು ರೂಪಾಯಿ ಮಜ್ಜಿಗೆ ಪ್ಯಾಕೆಟ್ ಇಡುತ್ತಾರೆ. ಹೊರಗೆ ಎರಡು ಪ್ಲಾಸ್ಟಿಕ್ ಸ್ಟೂಲು ಹಾಕಿ, ಒಂದು ಚಾರ್ಜಿಂಗ್ ಬೋರ್ಡನ್ನೂ ಎಳೆದಿದ್ದಾರೆ. ನಮ್ಮ ಮನೆಗಳಿಂದ ಹೋದ ವ್ಯಾಪಾರದಲ್ಲಿ ಒಂದು ಪಾಲು, ಆ ವ್ಯಾಪಾರ ಕಿತ್ತುಕೊಂಡವರ ಕೆಲಸದ ಹುಡುಗರಿಂದ ವಾಪಸ್ ಬರುತ್ತಿದೆ. ಈ ಹುಡುಗರು ಸ್ಟೂಲ್ ಮೇಲೆ ಕೂತು ಬನ್ನು ತಿನ್ನುವಾಗ ಅವರ ಬ್ಯಾಗಿನಲ್ಲಿ ನಮ್ಮ ಬಿಲ್ಡಿಂಗಿನ ಯಾರದೋ ಮನೆಗೆ ಮೊಸರು ಇರುತ್ತದೆ.

2025ರ ಜುಲೈನಲ್ಲಿ ಇನ್ನೊಂದು ಆಯಿತು. ಯುಪಿಐ ಲೆಕ್ಕ ತೆಗೆದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತಲ್ಲ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳ ಗೋಡೆ ಮೇಲೆ 'ನೋ ಯುಪಿಐ, ಓನ್ಲಿ ಕ್ಯಾಶ್' ಬಂತು. ನಮ್ಮ ಅಣ್ಣನಿಗೆ ನೋಟಿಸ್ ಬರಲಿಲ್ಲ. ಆದರೂ ಹೆದರಿ ಕ್ಯೂಆರ್ ಕೋಡ್ ತೆಗೆದು ಗಲ್ಲಾಪೆಟ್ಟಿಗೆಯೊಳಗೆ ಇಟ್ಟರು. ನಮ್ಮ ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸ ತಪ್ಪಿ ಎಷ್ಟು ವರ್ಷವಾಯಿತು. ಹಾಲು ತರಲು ಕೆಳಗೆ ಇಳಿದವನು, ಕ್ಯಾಶ್ ಇಲ್ಲ ಅಂತ ನೆನಪಾಗಿ, ಮೆಟ್ಟಿಲ ಮೇಲೇ ನಿಂತು ಆ್ಯಪಿನಲ್ಲಿ ಹಾಕಿದೆ. ಒಂದು ದಿನ ಹಾಕಿದ್ದು, ಆಮೇಲೆ ಅದೇ ರೂಢಿಯಾಯಿತು. ಕ್ಯೂಆರ್ ಕೋಡ್ ಸ್ವಲ್ಪ ದಿನದಲ್ಲೇ ಗೋಡೆಗೆ ವಾಪಸ್ ಬಂತು. ಹಾಲಿನ ಗಿರಾಕಿಗಳು ಎಲ್ಲರೂ ಬರಲಿಲ್ಲ.

ಅಣ್ಣ ಸುಮ್ಮನೆ ಕೂತಿಲ್ಲ. ವಾಟ್ಸಾಪಿನಲ್ಲಿ ಚೀಟಿ ಫೋಟೋ ಕಳಿಸಿದರೆ ಅಳಿಯ ಸಾಮಾನು ಮನೆಗೆ ತಂದುಕೊಡುತ್ತಾನೆ. "ನಮ್ದೂ ಆನ್‌ಲೈನೇ ಸಾರ್" ಅಂತ ನಗುತ್ತಾರೆ. ಮಗಳು ಬಿಕಾಂ ಕೊನೆ ವರ್ಷ. ಅವಳು ಅಂಗಡಿಯಲ್ಲಿ ಕೂರುವುದು ಬೇಡ ಅಂತ ಅವರೇ ತೀರ್ಮಾನ ಮಾಡಿದ್ದಾರೆ. "ಬೆಳಗ್ಗೆ ಐದಕ್ಕೆ ಹಾಲು ಇಳಿಸ್ಕೊಂಡು ರಾತ್ರಿ ಹತ್ತಕ್ಕೆ ಶಟರ್ ಎಳೆಯೋದು ನನ್ ತಲೆಗೇ ಸಾಕು." ಇದಕ್ಕೆ ಆನ್‌ಲೈನನ್ನು ಬೈಯುವ ಹಾಗಿಲ್ಲ. ಅದು ಬರದಿದ್ದರೂ ಅವರು ಇದನ್ನೇ ಹೇಳುತ್ತಿದ್ದರೇನೋ.

ಬೇಳೆ ಪ್ರಸಂಗ ಆದ ಮೇಲೆ ನಾನು ಬೇಳೆ, ಅಕ್ಕಿ, ಎಣ್ಣೆ ಅವರ ಹತ್ತಿರವೇ ತರುತ್ತಿದ್ದೇನೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹಾಲು, ಮೊಸರು ಮಾತ್ರ ಇನ್ನೂ ಆ್ಯಪಿನಿಂದಲೇ ಬರುತ್ತಿದೆ.

ಹೋದ ವಾರ ಅಣ್ಣನ ಊರಲ್ಲಿ ಮಾರಮ್ಮನ ಹಬ್ಬ. ನಾಗಮಂಗಲದ ಕಡೆಯ ಹಳ್ಳಿ ಅವರದು. ಮೂರು ದಿನ ಶಟರ್ ಎಳೆದು, 'ಊರ ಹಬ್ಬ, ಭಾನುವಾರ ಓಪನ್' ಅಂತ ಚೀಟಿ ಅಂಟಿಸಿ ಹೋದರು. ಶುಕ್ರವಾರ ಮಧ್ಯಾಹ್ನ ನಾನು ಮೆಜೆಸ್ಟಿಕ್‌ನಲ್ಲಿದ್ದೆ. ಫೋನ್ ಬಂತು, ಕಡಲೆ ಮಿಠಾಯಿ ಹುಡುಗ.

"ಸಾರ್, ಪಾರ್ಸೆಲ್ ಇದೆ. ಅಂಗಡಿ ಕ್ಲೋಸು. ಯಾರ ಹತ್ರ ಕೊಡ್ಲಿ?"

ಎರಡನೇ ಫ್ಲೋರಿನಲ್ಲಿ ಯಾರಿದ್ದಾರೆ ಅಂತ ಯೋಚಿಸಿದೆ. ಮುಖ ನೆನಪಾಯಿತು, ಹೆಸರು ಬರಲಿಲ್ಲ. ಎದುರು ಮನೆಯವರು ಬೆಳಗ್ಗೆ ಹೋದರೆ ರಾತ್ರಿ ಬರುವವರು. ಟೀಚರ್ ಮನೆ ಯಾವ ಗೇಟು ಅಂತ ಅಣ್ಣನಿಗೆ ಗೊತ್ತು, ನನಗೆ ಗೊತ್ತಿಲ್ಲ. ಈ ಬೀದಿಗೆ ಬಂದು ಹನ್ನೆರಡು ವರ್ಷವಾಯಿತು.

"ಒಂದು ನಿಮಿಷ ಇರಿ" ಅಂದೆ.

"ಬೇಗ ಹೇಳಿ ಸಾರ್, ಇನ್ನೂ ನಲವತ್ತು ಇದಾವೆ."

ನಾನು ಇನ್ನೂ ಯೋಚಿಸುತ್ತಿರುವಾಗಲೇ ಲೈನ್ ಕಟ್ ಆಯಿತು. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು. ಗ್ರಾಹಕರು ಲಭ್ಯವಿಲ್ಲದ ಕಾರಣ ಡೆಲಿವರಿ ಆಗಿಲ್ಲ, ಸೋಮವಾರ ಮತ್ತೆ ಪ್ರಯತ್ನಿಸುತ್ತೇವೆ ಅಂತ.

ಸೋಮವಾರ ಸರಿ. ಅಷ್ಟೊತ್ತಿಗೆ ಅಣ್ಣ ಬಂದಿರುತ್ತಾರೆ.